ಇಲ್ಲ ಅನ್ನುವವಳ ಅಕ್ಕ

ನಮ್ಮ ಮನೆಯಲ್ಲಿ ವಾಷಿಂಗ್ ಮಷೀನಿಗೂ ಸನ್ಮಾನವಾಗಿದೆ. ಜರಿ ಅಂಚಿನ ನೇರಳೆ ಶಾಲು ಹೊದ್ದು ಹಿತ್ತಲ ವರಾಂಡದಲ್ಲಿ ಗಂಭೀರವಾಗಿ ಕೂತಿರುತ್ತದೆ, ಯಾರಾದರೂ ಮೈಕು ಕೊಟ್ಟರೆ ಎರಡು ಮಾತಾಡಿಬಿಡುವ ಹಾಗೆ. ಗ್ರೈಂಡರಿಗೆ ಹಸಿರು ಶಾಲು, ಹೊಲಿಗೆ ಮಷೀನಿಗೆ ಹಳದಿ, ಗಾಳಿ ಬಂದರೆ ಬಡಿದುಕೊಳ್ಳುವ ಕಿಟಕಿಗೆ ಗುಲಾಬಿ. ಬಣ್ಣ ನೋಡಿ ಪಕ್ಷ ಹುಡುಕಬೇಡಿ. ಕೈಗೆ ಸಿಕ್ಕಿದ್ದನ್ನು ಹೊದಿಸಿದ್ದೇನೆ, ಅಷ್ಟೆ.

ಮನೆಯಲ್ಲಿ ಒಬ್ಬಳು ಶಾಸಕಿ ಇದ್ದರೆ ಹೀಗೆಯೇ. ವಿಶಾಖಪಟ್ಟಣದ ಕಡೆ ಬೋರ್‌ವೆಲ್ಲಿಗೆ ಪೂಜೆ ಇರಲಿ, ಶಾಲೆಗೆ ಬೆಂಚು ಕೊಡುವುದಿರಲಿ, ಮೊದಲು ಹೆಗಲಿಗೊಂದು ಶಾಲು ಬೀಳಬೇಕು. ಅದೂ ಈ ಸಮುದ್ರದ ಸೆಖೆಯಲ್ಲಿ! ಹೊದಿಸಿದವರೂ ಬೆವರುತ್ತಾರೆ, ಹೊದ್ದವಳೂ ಬೆವರುತ್ತಾಳೆ, ಫೋಟೋದಲ್ಲಿ ಮಾತ್ರ ಎಲ್ಲರೂ ನಗುತ್ತಿರುತ್ತಾರೆ. ನನ್ನ ತಂಗಿ ಕಾತ್ಯಾಯಿನಿ, ಮನೆಯಲ್ಲಿ ಕಾತಿ, ಊರೆಲ್ಲ ಸುತ್ತಿ ಬಂದು ಅವನ್ನೆಲ್ಲ ನನ್ನ ಮಡಿಲಿಗೆ ಸುರಿದು, "ತಗೋ ಅಕ್ಕಾ, ಇವತ್ತಿನ ಸಂಪಾದನೆ" ಅನ್ನುತ್ತಾಳೆ.

ಮೊನ್ನೆ ಬೀರು ಖಾಲಿ ಮಾಡುತ್ತಿದ್ದಾಗ ಬೂದು ಬಣ್ಣದ ಒಂದು ಶಾಲು ಸಿಕ್ಕಿತು. ಜರಿ ಇಲ್ಲ, ಒಂದು ಮೂಲೆಯಲ್ಲಿ ಅರಿಶಿನದ ಕಲೆ. ಉಳಿದದ್ದೆಲ್ಲ ಅವಳಿಗೆ ಯಾರೋ ಹೊದಿಸಿದ್ದು. ಇದು ಮಾತ್ರ ನಾನೇ ಕೊಂಡು ತಂದು ಅವಳ ಕತ್ತಿಗೆ ಸುತ್ತಿದ್ದು, ಚುನಾವಣೆ ಮುಗಿದ ವಾರ, ಗಂಟಲು ಕಟ್ಟಿ ಅವಳಿಗೆ ದನಿಯೇ ಇಲ್ಲದಂತಾದಾಗ. ಶಾಲು ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನನ್ನ ತಪ್ಪು ಶುರುವಾದದ್ದು ಆ ವಾರವೇ.

ಅದನ್ನು ಹೇಳುವ ಮುಂಚೆ ನಮ್ಮಿಬ್ಬರ ಗಂಟಲಿನ ವಿಷಯ ಹೇಳಬೇಕು.

ಅಪ್ಪ ತಿಪಟೂರಿನ ಕಡೆಯವರು. ಡಾಕ್‌ಯಾರ್ಡಿನಲ್ಲಿ ವೆಲ್ಡರ್ ಕೆಲಸ ಸಿಕ್ಕಿ ಅಮ್ಮನನ್ನು ಕರೆದುಕೊಂಡು ಈ ಊರಿಗೆ ಬಂದರು. ನಾವಿಬ್ಬರೂ ಹುಟ್ಟಿದ್ದು ಇಲ್ಲೇ, ಕ್ವಾರ್ಟರ್ಸಿನಲ್ಲಿ. ಹೊಸ್ತಿಲ ಒಳಗೆ ಕನ್ನಡ, ಹೊರಗೆ ತೆಲುಗು. ಮುಖದಲ್ಲಿ ನಮಗಿಬ್ಬರಿಗೂ ಹೋಲಿಕೆಯೇ ಇಲ್ಲ. ಅವಳು ಅಪ್ಪನ ಹಾಗೆ ಎತ್ತರ, ನಾನು ಅಮ್ಮನ ಹಾಗೆ ಗುಂಡಗೆ. ದನಿ ಮಾತ್ರ ಒಂದೇ ಬಾವಿಯ ನೀರು. ಬಾಗಿಲು ಸದ್ದಾದರೆ ಅಡುಗೆಮನೆಯಿಂದ ಅಮ್ಮ ಕೇಳುವರು:

"ಯಾರೇ ಅದು ಬಂದಿದ್ದು?"

"ನಾನು."

"ನಾನು ಅಂದ್ರೆ ಯಾವ ನಾನು?"

"ನಾನೇ ಕಣಮ್ಮಾ!"

ಕೊನೆಗೆ ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದು ಕಾಲು ನೋಡುವರು. ಕೆಸರಾಗಿದ್ದರೆ ಕಾತಿ.

ನಾನು ಓದಿದ್ದು ಏಳನೇ ಕ್ಲಾಸು. ಅಮ್ಮನಿಗೆ ಕೀಲುನೋವು ಬಂದು ಕೈಬೆರಳು ಮಡಿಸಲಾಗದೆ ಹೋದಾಗ, "ಒಂದು ವರ್ಷ ಮನೇಲಿರು ಮಗಳೇ, ಆಮೇಲೆ ಹೋಗುವಿಯಂತೆ" ಅಂದರು ಅಪ್ಪ. ಆ ಒಂದು ವರ್ಷ ಇನ್ನೂ ಮುಗಿದಿಲ್ಲ. ಕನ್ನಡ ಅಕ್ಷರ ಕಲಿಸಿದ್ದೂ ಅಪ್ಪನೇ, ಊರಿನಲ್ಲಿದ್ದ ಅಜ್ಜಿಗೆ ಕಾಗದ ಬರೆಯಲಿ ಅಂತ. ಇದರಲ್ಲಿ ಒತ್ತಕ್ಷರ ಎಲ್ಲಾದರೂ ತಪ್ಪಿದ್ದರೆ ಅವರನ್ನು ಬೈಯಬೇಡಿ, ಅವರು ಸರಿಯಾಗಿಯೇ ಕಲಿಸಿದ್ದರು.

ಶಾಲೆ ಬಿಟ್ಟಿದ್ದಕ್ಕೆ ನನಗೆ ಹೊಟ್ಟೆಕಿಚ್ಚು ಇತ್ತೇ ಅಂತ ನೀವು ಕೇಳಬಹುದು. ಇರಲಿಲ್ಲ ಅಂತಲೇ ನಾನು ಇಷ್ಟು ದಿನ ಹೇಳಿಕೊಂಡು ಬಂದಿದ್ದೆ.

ಕಾತಿಯ ಸಾರ್ವಜನಿಕ ಸೇವೆ ಯಾವಾಗ ಶುರುವಾಯಿತು ಅಂತ ಒಮ್ಮೆ ಟಿವಿಯವರು ಕೇಳಿದರು. ವಾರ್ಡಿನಿಂದ ಕಾರ್ಪೊರೇಟರ್ ಆದಾಗ ಅಂದಳು ಅವಳು. ಸುಳ್ಳು. ಅದು ಶುರುವಾದದ್ದು ಕ್ವಾರ್ಟರ್ಸಿನ ಬೀದಿ ನಲ್ಲಿಯ ಹತ್ತಿರ. ನಲ್ಲಿ ಇದ್ದದ್ದು ಇಳಿಜಾರಿನ ಕೆಳಗೆ, ಮನೆಗಳು ಮೇಲೆ. ಬೇಸಿಗೆಯಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನೀರು ಬಂದ ದಿನ "ನೀಳ್ಳು ವಚ್ಚಾಯಿ" ಅಂತ ಕೂಗುತ್ತಾ ಓಡಿ ಬರಲು ಬೀದಿ ತುಂಬ ಮಕ್ಕಳಿದ್ದರು. ನೀರು ಬಾರದ ದಿನ ಒಬ್ಬರೂ ಇಲ್ಲ. ಆ ದಿನ ಓಡುತ್ತಿದ್ದವಳು ಕಾತಿ. ಇಷ್ಟೆತ್ತರದ ಹುಡುಗಿ ಮನೆಮನೆಯ ಬಾಗಿಲಲ್ಲಿ ನಿಂತು, "ಅತ್ತಾ, ಇವತ್ತು ನೀರಿಲ್ಲ, ಕೊಡ ಎತ್ತಿಕೊಂಡು ಇಳಿಯಬೇಡಿ" ಅಂತ ತೆಲುಗಿನಲ್ಲಿ ಹೇಳಿ ಮುಂದಿನ ಮನೆಗೆ ಹೋಗುವಳು. ಕೆಲವರು ಅವಳನ್ನೇ ಬೈಯುವರು, ನೀರು ಅವಳೇ ಕುಡಿದು ಬಂದ ಹಾಗೆ. ನಾನೋ, ನಲ್ಲಿಯ ಹತ್ತಿರವೇ ನಿಂತು ಇಳಿದು ಬಂದವರಿಗೆಲ್ಲ "ಬರುತ್ತೆ ಅತ್ತಾ, ಈಗ ಬರುತ್ತೆ" ಅನ್ನುತ್ತಿದ್ದೆ. ಪಾಪ, ಅವರು ಬಿಸಿಲಲ್ಲಿ ಕೊಡ ಇಟ್ಟುಕೊಂಡು ನಿಂತಿರುವರು. ಆದರೆ ಬೀದಿಯ ಹೆಂಗಸರಿಗೆಲ್ಲ ಪ್ರೀತಿ ನನ್ನ ಮೇಲೆ.

ಅವಳು ಲಾ ಓದಿದಳು, ಕಾರ್ಪೊರೇಟರ್ ಆದಳು, ಚರಂಡಿಗಳ ಹಿಂದೆ ಬಿದ್ದು ಅರ್ಧ ಆಯುಷ್ಯ ಕಳೆದಳು. ಮದುವೆ ಯಾಕಾಗಲಿಲ್ಲ ಎಂದವರಿಗೆ "ಅರ್ಜಿ ಬಂದಿದೆ, ಪರಿಶೀಲನೆಯಲ್ಲಿದೆ" ಅನ್ನುವಳು. ಮೊದಲ ಸಲ ಅಸೆಂಬ್ಲಿಗೆ ನಿಂತಾಗ ಸೋತಳು. ಸೋತ ಮಾರನೇ ದಿನವೇ ಕೈಮುಗಿದುಕೊಂಡು ಬೀದಿಬೀದಿ ತಿರುಗಿದಳು. ಪೆಂಡುರ್ತಿಯ ಕಡೆ ಒಬ್ಬ ಮುದುಕಿ, "ಗೆದ್ದವನೇ ಇನ್ನೂ ಬಂದಿಲ್ಲ, ಸೋತವಳು ನೀನ್ಯಾಕೆ ಬಂದೆ ತಲ್ಲೀ?" ಅಂತ ಕೇಳಿ ಮಜ್ಜಿಗೆ ಕೊಟ್ಟಳಂತೆ. ಎರಡನೇ ಸಲ ಗೆದ್ದಳು. ಆ ಮುದುಕಿಯ ಮಜ್ಜಿಗೆಯಿಂದ ಗೆದ್ದೆ ಅಂತ ಇವತ್ತಿಗೂ ಹೇಳುತ್ತಾಳೆ.

ಆ ಎರಡನೇ ಚುನಾವಣೆಗೆ ಮುಂಚೆಯೇ ನಮ್ಮ ಯಜಮಾನರು ತೀರಿಕೊಂಡಿದ್ದರು. ನನಗೆ ಮಕ್ಕಳಿಲ್ಲ. "ಅಲ್ಲೊಬ್ಬಳೇ ಏನು ಮಾಡ್ತೀಯ, ಬಾ, ನನಗೂ ಸಾರು ಅನ್ನೋದನ್ನ ತಿಂದು ವರ್ಷ ಆಯ್ತು" ಅಂತ ಕರೆದುಕೊಂಡು ಬಂದಳು. ಹೀಗೆ ನಾನು ಶಾಸಕಿಯ ಮನೆಯ ಅಡುಗೆಮನೆಗೆ ಸರ್ವಾನುಮತದಿಂದ ಆಯ್ಕೆಯಾದೆ.

ಅವಳು ಕೆಲಸ ಮಾಡುವ ರೀತಿ ಅಲ್ಲಿ ಕೂತು ನೋಡಬೇಕು. ಬೆಳಿಗ್ಗೆ ವರಾಂಡದ ತುಂಬ ಜನ. ಯಾರು ಏನು ಕೇಳಲಿ, ಅವಳು ಆಗುತ್ತೆ ಅನ್ನುವುದಿಲ್ಲ. "ವಿಷಯ ಏನು ಹೇಳಿ" ಅನ್ನುತ್ತಾಳೆ, ಕೇಳುತ್ತಾಳೆ, "ನೋಡಿ ಹೇಳ್ತೀನಿ" ಅನ್ನುತ್ತಾಳೆ. ಎಲ್ಲ ನಾಯಕರೂ ಇದನ್ನೇ ಹೇಳುತ್ತಾರೆ, ಹೌದು. ಆದರೆ ಇವಳು ನಿಜಕ್ಕೂ ನೋಡುತ್ತಾಳೆ, ನಿಜಕ್ಕೂ ಹೇಳುತ್ತಾಳೆ. ಆದ ಕೆಲಸಕ್ಕೆ ಅವಳ ಪಿ.ಎ. ಪೈಡಿರಾಜು ಫೋನು ಮಾಡುತ್ತಾನೆ. ಆಗದ ಕೆಲಸಕ್ಕೆ ಅವಳೇ ಮಾಡುತ್ತಾಳೆ. ಭಾನುವಾರ ಊಟ ಮುಗಿಸಿ ಕುರ್ಚಿಯ ಮೇಲೆ ಕಾಲು ಮಡಚಿ ಕೂತಳೆಂದರೆ ಸಂಜೆ ಕಾಫಿಯವರೆಗೂ ಇದೇ. "ಅಮ್ಮಾ, ನಿಮ್ಮ ಮಗನ ಕೆಲಸ ಆಗಲಿಲ್ಲ." "ಬಾಬೂ, ಆ ರಸ್ತೆ ಈ ವರ್ಷ ಬರಲ್ಲ." ಆ ಕಡೆಯಿಂದ ಬೈಗುಳ ನನಗೆ ಅಡುಗೆಮನೆಯವರೆಗೂ ಕೇಳಿಸುತ್ತದೆ. ಅವಳು ಪೂರ್ತಿ ಕೇಳಿಸಿಕೊಂಡು "ಸರಿಯಮ್ಮಾ" ಅಂತ ಇಟ್ಟು ಮುಂದಿನ ನಂಬರಿಗೆ ಕೈ ಚಾಚುತ್ತಾಳೆ.

ಪೈಡಿರಾಜುವಿಗೆ ಇದು ನುಂಗಲಾರದ ತುತ್ತು. "ಬೇರೆ ಮನೆಗಳಲ್ಲಿ ಸಿಹಿ ಸುದ್ದಿ ನಾಯಕರು ಹೇಳ್ತಾರೆ, ಕಹಿ ಸುದ್ದಿ ಪಿ.ಎ. ಹೇಳ್ತಾನೆ. ಇಲ್ಲಿ ಎಲ್ಲ ತಲೆಕೆಳಗು ಪೆದ್ದಮ್ಮಾ" ಅಂತ ನನ್ನ ಹತ್ತಿರ ಗೋಳಾಡುತ್ತಾನೆ. ನನ್ನನ್ನು ಅವನು ದೊಡ್ಡಮ್ಮ ಎಂಬ ಅರ್ಥದಲ್ಲಿ ಪೆದ್ದಮ್ಮ ಅನ್ನುತ್ತಾನೆ. ಕಾತಿ ಹೇಳುವಳು: "ಸಿಹಿ ಹಂಚೋಕೆ ಯಾರಾದ್ರೂ ಸಿಗ್ತಾರೆ ಬಿಡು."

ಈಗ ಗಂಟಲಿಗೆ ಬರುತ್ತೇನೆ. ಪ್ರಚಾರದ ಕೊನೆಯ ದಿನ ಋಷಿಕೊಂಡದ ಕಡೆ ತೆರೆದ ಜೀಪಿನಲ್ಲಿ ಸಮುದ್ರದ ಗಾಳಿಗೆ ಎದುರಾಗಿ ಕೂಗಿ ಕೂಗಿ ಉಳಿದಿದ್ದ ದನಿಯನ್ನೂ ಕಳೆದುಕೊಂಡು ಬಂದಳು. ಗೆದ್ದ ದಿನ ಗೆದ್ದೆ ಅನ್ನಲೂ ಬಾಯಿಲ್ಲ. ಡಾಕ್ಟರು ಪಿಸುಮಾತೂ ಬೇಡ ಅಂದರು. ಹೊರಗೆ ನೋಡಿದರೆ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿದೆ. ಗೆದ್ದ ಮಾರನೇ ದಿನದಿಂದಲೇ ಮಾತಾಡುವುದು ನಿಲ್ಲಿಸಿದಳು ಅನ್ನುವುದಿಲ್ಲವೇ ಜನ?

ಆಗ ನಾನು ಅಡುಗೆಮನೆಯಿಂದ "ಪೈಡಿರಾಜೂ, ಟೀ" ಅಂತ ಕೂಗಿದೆ. ಅವನು ಧಡಕ್ಕನೆ ಎದ್ದು ನಿಂತು "ಮೇಡಮ್!" ಅಂದ. ಆಮೇಲೆ ಮೇಡಮ್ ಎದುರಿಗೇ ಶಾಲು ಸುತ್ತಿಕೊಂಡು ಕೂತಿರುವುದನ್ನು ನೋಡಿದ. ಮೂವರೂ ಮುಖ ಮುಖ ನೋಡಿಕೊಂಡೆವು. ಅಲ್ಲಿಂದ ಕೆಲವು ದಿನ ಕಾತಿ ನನ್ನ ಪಕ್ಕ ಕೂತು ಕೈಸನ್ನೆ ಮಾಡುವುದು, ನಾನು ಫೋನಿನಲ್ಲಿ ಅವಳಾಗಿ ಮಾತಾಡುವುದು. ಧನ್ಯವಾದ ಹೇಳುವುದು, ಅಷ್ಟೆ. ನಾನು ಬರೀ ತುತ್ತೂರಿ, ಊದುವವಳು ಅವಳು.

ಅವಳ ದನಿ ವಾಪಸ್ ಬಂತು. ನನ್ನದು ವಾಪಸ್ ಬರಲಿಲ್ಲ, ಅದೇ ತೊಂದರೆ.

ಅಸೆಂಬ್ಲಿ ನಡೆಯುವಾಗ ಕಾತಿ ವಿಜಯವಾಡದಲ್ಲಿ ಇರುತ್ತಾಳೆ. ಅಲ್ಲೊಂದು ಬಾಡಿಗೆ ಫ್ಲಾಟಿದೆ. ಬೆಳಿಗ್ಗೆ ಕೃಷ್ಣಾ ನದಿ ದಾಟಿ ಅಸೆಂಬ್ಲಿಗೆ ಹೋಗಿ ಬರುತ್ತಾಳೆ. ಜನರಿಗೆ ಗೊತ್ತಿರುವ ನಂಬರಿನ ಫೋನು ಮಾತ್ರ ವಿಶಾಖಪಟ್ಟಣದ ಮನೆಯಲ್ಲಿ ಪೈಡಿರಾಜುವಿನ ಹತ್ತಿರ ಉಳಿಯುತ್ತದೆ. ಅವನು ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುತ್ತಾನೆ. ಒಂದು ಮಧ್ಯಾಹ್ನ ಮೇಜಿನ ಮೇಲೆ ಫೋನು ಬಡಿದುಕೊಂಡಿತು. ಎತ್ತಿದೆ. "ಮೇಡಮ್ ಗಾರೇನಾ?" ಅಂತ ಒಂದು ಹೆಣ್ಣುದನಿ. ಅಲ್ಲಮ್ಮ, ಅವರ ಅಕ್ಕ, ಅನ್ನಬಹುದಿತ್ತು. ನಾನು ಸೆರಗು ಸರಿಮಾಡಿಕೊಂಡು ಅಂದೆ: "ಹಾ, ಚೆಪ್ಪಂಡಿ."

ಹೇಳಿ ಎಂಬ ಆ ಒಂದು ಮಾತಿಗೆ ಏನು ರುಚಿ ಅಂತೀರಿ! ನನ್ನನ್ನು ಯಾರೂ ಯಾವತ್ತೂ ಏನನ್ನೂ ಕೇಳಿಕೊಂಡವರಲ್ಲ. ಇನ್ನೊಂಚೂರು ಸಾರು ಹಾಕಿ ಅಂದವರಷ್ಟೆ. ಈಗ ಒಬ್ಬಳು ಮಗುವಿಗೆ ಹೆಸರು ಕೇಳುತ್ತಾಳೆ, ಇನ್ನೊಬ್ಬಳು ಪರೀಕ್ಷೆಗೆ ಮುಂಚೆ ಆಶೀರ್ವಾದ ಕೇಳುತ್ತಾಳೆ, ಒಬ್ಬ ಮುದುಕ ಸೊಸೆ ಊಟ ಹಾಕುವುದಿಲ್ಲ ಅಂತ ಅಳುತ್ತಾನೆ. ನಾನು ದನಿ ಸ್ವಲ್ಪ ತಗ್ಗಿಸಿ, ಕಾತಿ ಮಾಡುವ ಹಾಗೆ ಮಾತಿನ ಮಧ್ಯೆ ಒಮ್ಮೆ ಕೆಮ್ಮಿ, ಎಲ್ಲರಿಗೂ ಒಂದೊಂದು ಒಳ್ಳೆಯ ಮಾತು ಹೇಳುತ್ತಿದ್ದೆ. ನಗಬೇಡಿ, ಫೋನಿನಲ್ಲಿ ಕಾಣುವುದಿಲ್ಲ ಅಂತ ಗೊತ್ತಿದ್ದೂ ಮಧ್ಯಾಹ್ನವಾಗುತ್ತಲೇ ಇಸ್ತ್ರಿ ಮಾಡಿದ ಸೀರೆ ಉಟ್ಟು ಕೂರುತ್ತಿದ್ದೆ. ಯಾರಿಗೂ ಕೆಡುಕಾಗಲಿಲ್ಲ. ಹಾಗೆ ಅಂದುಕೊಂಡೇ ಮುಂದುವರಿದೆ.

ಆಮೇಲೆ ನೂಕರತ್ನಂ ಫೋನು ಮಾಡಿದಳು.

ಪೆಂಡುರ್ತಿ ದಾಟಿ ಒಳಗಿರುವ ಒಂದು ಹಳ್ಳಿಯವಳು. ಅಲ್ಲಿಯ ಹೆಂಗಸರೆಲ್ಲ ಅಚ್ಯುತಾಪುರಂನ ಒಂದು ಕಾರ್ಖಾನೆಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾರೆ. ಕಾರ್ಖಾನೆಯ ಬಸ್ಸು ಹೈವೇಯಲ್ಲಿ ಬರುತ್ತದೆ. ಹಳ್ಳಿಯ ತಿರುವಿನಿಂದ ಹೈವೇಗೆ ಉದ್ದದ ಒಂಟಿ ರಸ್ತೆ, ಎರಡೂ ಕಡೆ ಸರ್ವೆ ತೋಪು. ಬೆಳಕು ಹರಿಯುವ ಮುಂಚೆ ಹೊರಡಬೇಕು. ತಿಂಗಳ ಲೆಕ್ಕದಲ್ಲಿ ಒಂದು ಆಟೋ ಗೊತ್ತು ಮಾಡಿಕೊಂಡಿದ್ದರು. ಆಟೋದವನು ಅವರನ್ನು ಮೂಟೆಯ ಹಾಗೆ ತುಂಬುತ್ತಾನೆ, ವಯಸ್ಸಿನ ಹುಡುಗಿಯರನ್ನು ಮುಂದೆ ತನ್ನ ಪಕ್ಕ ಕೂರಲು ಹೇಳುತ್ತಾನೆ. ನೂಕರತ್ನಂ ಮಗಳೂ ಆಗಷ್ಟೇ ಕೆಲಸಕ್ಕೆ ಸೇರಿದ್ದಳು.

"ಕಾರ್ಖಾನೆ ಬಸ್ಸು ನಮ್ಮ ತಿರುವಿನವರೆಗೆ ಬಂದ್ರೆ ಸಾಕಮ್ಮಾ. ಆ ಹುಡುಗಿ ದಿನಾ ಇಳಿದ ಮೇಲೆ ಕೈ ತೊಳ್ಕೊಳ್ತಾಳೆ" ಅಂದಳು.

"ಹೆಸರೇನಮ್ಮ ಮಗಳದು?"

"ಲಾವಣ್ಯ."

ತುಂಬಾ ಹೊತ್ತು ಮಾತಾಡಿದೆವು. ಅವಳ ಗಂಡ ಹೋದದ್ದು, ಅತ್ತೆಯ ಬಾಯಿ, ಲಾವಣ್ಯ ಮೊದಲ ಸಂಬಳದಲ್ಲಿ ಅಮ್ಮನಿಗೆ ಚಪ್ಪಲಿ ತಂದದ್ದು. ಕೊನೆಗೆ ಅವಳು ಕೇಳಿದಳು, "ಬಸ್ಸು ಬರುತ್ತಾ ಅಮ್ಮಾ?"

ನಾನು ಅಂದೆ: "ಬರುತ್ತೆ. ಬರೋ ಸೋಮವಾರದಿಂದ ಬರುತ್ತೆ."

ಸೋಮವಾರ ಯಾಕೆ ಅಂದೆನೋ ದೇವರಾಣೆಗೂ ಗೊತ್ತಿಲ್ಲ. ಅವಳು ಫೋನು ಕಿವಿಯಿಂದ ತೆಗೆದು ಅಕ್ಕಪಕ್ಕದವರಿಗೆ ಕೂಗಿ ಹೇಳಿದಳು. ಆ ಕಡೆ ಹೆಂಗಸರು ಚಪ್ಪಾಳೆ ತಟ್ಟಿದ್ದು ಕೇಳಿಸಿತು. ನನಗೆ ಜೀವಮಾನದಲ್ಲಿ ಮೊದಲ ಚಪ್ಪಾಳೆ.

ಸಂಜೆ ವಿಜಯವಾಡದಿಂದ ಕಾತಿ ಫೋನು ಮಾಡಿದಳು. "ಏನಕ್ಕಾ ವಿಶೇಷ?"

"ಏನಿಲ್ಲ ಕಣೇ. ಸೌತೆಕಾಯಿ ಹುಳಿ ಮಾಡಿದ್ದೆ."

ಆಗ ಹೇಳಿದ್ದರೆ ಮುಗಿಯುತ್ತಿತ್ತು. ಅವಳು ಆಗಲೇ ನೂಕರತ್ನಂಗೆ ಫೋನು ಮಾಡಿ ಅದು ಇನ್ನೂ ಆಗಿಲ್ಲಮ್ಮ ಅನ್ನುತ್ತಿದ್ದಳು, ಆಮೇಲೆ ಕಾರ್ಖಾನೆಯವರನ್ನು ಹಿಡಿಯುತ್ತಿದ್ದಳು. ಆದರೆ ಬಸ್ಸಿನ ಮಾತು ಹೇಳಬೇಕಾದರೆ ಅದನ್ನು ಕೇಳಿಸಿಕೊಂಡದ್ದು ಯಾರಾಗಿ ಅಂತಲೂ ಹೇಳಬೇಕಲ್ಲ. ನಾಳೆ ಹೇಳೋಣ ಅಂದುಕೊಂಡೆ. ಮಾರನೇ ದಿನವೂ ಹಾಗೆಯೇ ಅಂದುಕೊಂಡೆ.

ಸೋಮವಾರ ಬಂತು. ಮೇಡಮ್ ಮಾತು ಕೊಟ್ಟಿದ್ದಾರೆ ಅಂತ ಅವರು ಆಟೋದವನನ್ನು ಬಿಡಿಸಿದ್ದರು. ಅವನು ಆ ಹೊತ್ತಿಗೆ ಸಂತೆಗೆ ಹೋಗುವ ಮೀನಿನ ಬುಟ್ಟಿಗಳನ್ನು ಒಪ್ಪಿಕೊಂಡುಬಿಟ್ಟಿದ್ದ. ಹೆಂಗಸರು ತಿರುವಿನಲ್ಲಿ ನಿಂತೇ ಇದ್ದರು. ಬೆಳಕಾಯಿತು. ನಡೆದು ಹೈವೇ ಸೇರುವಷ್ಟರಲ್ಲಿ ಬಸ್ಸು ಹೋಗಿತ್ತು. ಬೇರೆ ಗಾಡಿ ಹಿಡಿದು ಹೋದರೆ ಗೇಟಿನಿಂದಲೇ ವಾಪಸ್ ಕಳಿಸಿದರು. ಮಾರನೇ ದಿನದಿಂದ ಆ ಕತ್ತಲ ತೋಪಿನಲ್ಲಿ ನಡಿಗೆ. ಲಾವಣ್ಯಳ ಅಜ್ಜಿ, "ಇನ್ನು ಸಾಕು, ಹುಡುಗಿ ಮನೇಲಿರಲಿ" ಅಂದಳು. ಹುಡುಗಿಯ ಕೆಲಸ ನಿಂತಿತು.

ಇದೆಲ್ಲ ನನಗೆ ಗೊತ್ತಾದದ್ದು ಕಾತಿ ಊರಿಗೆ ಬಂದ ದಿನ. ಬೆಳಿಗ್ಗೆ ವರಾಂಡದಲ್ಲಿ ಆ ಹೆಂಗಸರೆಲ್ಲ ಬಂದು ನಿಂತಿದ್ದರು. ನಾನು ಟೀ ತಟ್ಟೆ ಹಿಡಿದುಕೊಂಡು ಬಾಗಿಲ ಹಿಂದೆ.

"ಬಸ್ಸು ಬರುತ್ತೆ ಅಂದ್ರಲ್ಲಮ್ಮಾ? ಮೀರೇ ಚೆಪ್ಪಾರು ಕದಾ, ನೀವೇ ಹೇಳಿದ್ದಲ್ವಾ!" ಒಬ್ಬಳು ಜೋರಾಗಿ ಅಂದಳು.

"ನಾನು?" ಅಂದಳು ಕಾತಿ.

"ನೀವೇ. ಫೋನಲ್ಲಿ. ಸೋಮವಾರ ಅಂತ. ನಾವೆಲ್ಲ ಕೇಳಿಸಿಕೊಂಡಿದೀವಿ."

"ಬೇರೆಯವರು ಹೇಳಿದ್ರೆ ನಂಬ್ತಿರಲಿಲ್ಲ. ನೀವು ಇಲ್ಲ ಅನ್ನೋರು ಅಂತಲ್ವಾ ನಂಬಿದ್ದು?" ಅಂದಳು ಇನ್ನೊಬ್ಬಳು.

ಕಾತಿ ಅವರ ಕಡೆ ನೋಡಲಿಲ್ಲ. ತಲೆ ತಿರುಗಿಸಿ ಬಾಗಿಲ ಕಡೆ ನೋಡಿದಳು. ನನ್ನಕ್ಕ ಹೇಳಿದ್ದು, ನಾನಲ್ಲ, ಅಂತ ಒಂದು ಮಾತು ಅಂದಿದ್ದರೆ ಅವಳ ಮಾನ ಉಳಿಯುತ್ತಿತ್ತು. ನಾನೂ ಅದನ್ನೇ ಕಾಯುತ್ತಿದ್ದೆ, ಒಂದು ರೀತಿ ಹಾರೈಸುತ್ತಲೂ ಇದ್ದೆ.

"ಹೌದು," ಅಂದಳು ಕಾತಿ. "ನಮ್ಮ ಮನೆಯಿಂದ ಬಂದ ಮಾತು ಅದು. ನೋಡದೆ ಹೇಳಿದ್ದು ತಪ್ಪು. ತಪ್ಪು ನನ್ನದೇ."

ಹೆಂಗಸರು ಇನ್ನಷ್ಟು ಬೈದರು. ಭಾನುವಾರದ ಹಾಗೆ ಪೂರ್ತಿ ಕೇಳಿಸಿಕೊಂಡಳು. ಗುಂಪಿನ ಹಿಂದೆ ತೆಳ್ಳಗಿನ ಒಬ್ಬಳು ಮಾತ್ರ ಬಾಯಿ ತೆರೆಯಲಿಲ್ಲ, ನಾನು ಟೀ ಕೊಟ್ಟಾಗ ನನ್ನ ಮುಖವನ್ನೇ ನೋಡಿದಳು. ಅವಳೇ ನೂಕರತ್ನಂ ಅಂತ ಆಮೇಲೆ ಪೈಡಿರಾಜು ಹೇಳಿದ. ಸಿಟ್ಟಿನಲ್ಲಿ ಮಾತೇ ಬರುತ್ತಿಲ್ಲ ಪಾಪ, ಅಂದುಕೊಂಡೆ.

ಅವರೆಲ್ಲ ಹೋದ ಮೇಲೆ ಕಾತಿ ಅಡುಗೆಮನೆಗೆ ಬಂದಳು. ಹಿಂದೆಯೇ ಗನ್‌ಮನ್ ಬಂದು ನಿಂತ. ಅವನಿಗೆ ತಿಳಿಯಬಾರದ್ದನ್ನು ನಾವು ಕನ್ನಡದಲ್ಲಿ ಮಾತಾಡುವುದು. ನಮ್ಮ ಮನೆಯಲ್ಲಿ ಕನ್ನಡಕ್ಕೆ ಈಗ ಉಳಿದಿರುವ ದೊಡ್ಡ ಉಪಯೋಗ ಅದೇ.

"ಎಷ್ಟು ದಿನದಿಂದ ಅಕ್ಕಾ?"

"ನಿನ್ನ ಗಂಟಲು ಕಟ್ಟಿದಾಗಿಂದ."

"ಚೆನ್ನಾಗಿ ಮಾತಾಡ್ತೀಯಾ, ನನ್ನ ಥರ?"

"ನಿನಗಿಂತ ಒಂಚೂರು ಚೆನ್ನಾಗೇ."

ಫಕ್ಕನೆ ನಕ್ಕಳು. ನಾನೂ ನಗಲು ಹೋದೆ. ಅಷ್ಟರಲ್ಲಿ ಅವಳ ನಗು ನಿಂತುಹೋಗಿತ್ತು. "ಅಷ್ಟು ವರ್ಷ ಬೈಸ್ಕೊಂಡು ಬೈಸ್ಕೊಂಡು ಕಟ್ಟಿದ್ದು ಕಣಕ್ಕಾ ಆ ಮಾತು. ಅವರಿಗೆ ನನ್ನ ಹತ್ರ ಬೇರೆ ಏನೂ ಸಿಗದಿದ್ರೂ ನಿಜ ಮಾತು ಅನ್ನೋದೊಂದು ಸಿಗ್ತಿತ್ತು." ಇಷ್ಟೇ ಹೇಳಿ ಟೀ ಕುಡಿಯದೆ ಹೋದಳು. ಕೂಗಾಡಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಆ ಸೌಕರ್ಯವನ್ನೂ ಕೊಡಲಿಲ್ಲ.

ಆಮೇಲೆ ಅವಳು ತಿರುಗಿದ್ದು ತಿರುಗಿದ್ದೇ. ಕಾರ್ಖಾನೆಯ ಮ್ಯಾನೇಜರನ್ನು ಕಂಡಳು. ಹಳ್ಳಿಯ ದಾರಿಯಲ್ಲೊಂದು ಹಳೆಯ ಸೇತುವೆ ಇದೆಯಂತೆ, ಬಸ್ಸಿನ ಭಾರ ತಾಳುವುದಿಲ್ಲ ಅಂದರು. ಸರ್ಕಾರಿ ಬಸ್ಸಿನ ಡಿಪೋಗೆ ಹೋದಳು. ಅಲ್ಲೂ ಅದೇ ಸೇತುವೆ. ಆಟೋದವನ ಮನೆಗೇ ಹೋಗಿ, ಹೆಂಗಸರನ್ನು ಹೇಗೆ ಕೂರಿಸಬೇಕು ಅಂತ ಅವನ ಹೆಂಡತಿಯ ಎದುರು ಬುದ್ಧಿ ಹೇಳಿ, ಮತ್ತೆ ಬರುವಂತೆ ಕೇಳಿಕೊಂಡಳು. ಅವನು ಬುದ್ಧಿಯನ್ನು ಕೇಳಿಸಿಕೊಂಡ, ಬರುವುದಕ್ಕೆ ಒಪ್ಪಲಿಲ್ಲ. ಮೀನಿನ ಬುಟ್ಟಿಗಳು ಎದುರು ಮಾತಾಡುವುದಿಲ್ಲವಲ್ಲ. ನಾನು ಪ್ರತಿದಿನ ಅವಳು ಬರುವುದನ್ನೇ ಕಾದು ಕೂತು ಮುಖ ನೋಡುತ್ತಿದ್ದೆ. ಊಟ ಬಡಿಸುವಾಗ ನಾನು ಸಾರಿನ ಬಗ್ಗೆ ಕೇಳುತ್ತಿದ್ದೆ, ಅವಳು ಉಪ್ಪಿನ ಬಗ್ಗೆ ಹೇಳುತ್ತಿದ್ದಳು. ಬಸ್ಸಿನ ಮಾತು ಇಬ್ಬರ ನಡುವೆ ಬರಲಿಲ್ಲ.

ಮುಂದಿನ ಅಧಿವೇಶನಕ್ಕೆ ನನ್ನನ್ನೂ ವಿಜಯವಾಡಕ್ಕೆ ಹೊರಡಿಸಿದಳು. "ಹೋಟೆಲ್ ಖಾರಕ್ಕೆ ಹೊಟ್ಟೆ ಉರಿಯುತ್ತೆ, ಬಾ" ಅಂದಳು. ನನ್ನನ್ನು ಫೋನಿನ ಜೊತೆ ಒಂಟಿಯಾಗಿ ಬಿಡುವ ಧೈರ್ಯ ಇಲ್ಲ ಅಂತ ಅರ್ಥ ಮಾಡಿಕೊಂಡೆ. ರೈಲಿನಲ್ಲಿ ಕಿಟಕಿಯ ಸೀಟು ನನಗೇ ಬಿಟ್ಟುಕೊಟ್ಟಳು. ತುನಿ ಸ್ಟೇಷನ್ ದಾಟಿದ ಮೇಲೆ ಅವಳು ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆಹೋದಳು, ಚಿಕ್ಕಂದಿನಲ್ಲಿ ಅಜ್ಜಿಯ ಊರಿಗೆ ಹೋಗುವಾಗಿನಂತೆ ಬಾಯಿ ತೆರೆದುಕೊಂಡು. ಎದುರು ಸೀಟಿನವರು "ಇವರು ಎಮ್ಮೆಲ್ಯೆ ಅಲ್ವಾ?" ಅಂತ ಪಿಸುಗುಟ್ಟಿದರು. ನಾನು ಸೆರಗಿನಿಂದ ಅವಳ ಬಾಯಿ ಮುಚ್ಚಿದೆ.

ಮಾರನೇ ಬೆಳಿಗ್ಗೆ ಫ್ಲಾಟಿನಲ್ಲಿ ಉಪ್ಪಿಟ್ಟು ತಿನ್ನುತ್ತಾ ಫೋನನ್ನು ನನ್ನ ಕಡೆ ತಳ್ಳಿದಳು.

"ನೂಕರತ್ನಂಗೆ ಹೇಳಬೇಕು. ಬಸ್ಸು ಬರಲ್ಲ. ಸೇತುವೆ ರಿಪೇರಿಗೆ ಇವತ್ತು ಸಭೆಯಲ್ಲಿ ಕೇಳ್ತೀನಿ, ಆದ್ರೆ ಅದು ಯಾವ ಕಾಲಕ್ಕೋ."

"ಇಲ್ಲ ಅನ್ನೋದನ್ನ ನೀನೇ ಅಲ್ವೇನೆ ಹೇಳೋದು?"

"ಹೂಂ ಅಂದಿದ್ದು ಯಾರು?"

"ನಿನ್ನ ಹೆಸರಲ್ಲಿ ಹೇಳಲಾ?"

"ನಿನ್ನ ಹೆಸರಲ್ಲಿ."

ಉಪ್ಪಿಟ್ಟು ಕೆದಕುತ್ತಾ ಕೂತಳು. ನಾನು ಕೈ ಒರೆಸಿಕೊಂಡೆ, ಇನ್ನೊಮ್ಮೆ ಒರೆಸಿಕೊಂಡೆ. ಆ ಕಡೆ ಫೋನು ಎತ್ತಿದ ತಕ್ಷಣ ತೆಲುಗಿನಲ್ಲಿ ಒಂದೇ ಉಸಿರಿಗೆ ಹೇಳಿಬಿಟ್ಟೆ: ನಾನು ಮೇಡಮ್ ಅಲ್ಲಮ್ಮ, ಅವರ ಅಕ್ಕ. ಅವತ್ತು ನಿನ್ನ ಹತ್ತಿರ ಮಾತಾಡಿದ್ದು ನಾನೇ. ಸುಳ್ಳು ಹೇಳಿದೆ. ಬಸ್ಸು ಬರುವುದಿಲ್ಲ.

"ತೆಲುಸಮ್ಮಾ," ಅಂದಳು ನೂಕರತ್ನಂ. ಗೊತ್ತಮ್ಮಾ.

"ಬಸ್ಸು ಬರಲ್ಲ ಅಂತಲಾ?"

"ಅದಲ್ಲ. ಮಾತಾಡಿದ್ದು ನೀವು ಅಂತ. ಮೇಡಮ್ ಆಗಿದ್ರೆ ನಾನು ಎರಡು ಮಾತಾಡೋದರೊಳಗೆ ವಿಷಯ ಏನು ಅಂತಿದ್ರು. ನೀವು ಮಗಳ ಹೆಸರು ಕೇಳಿದ್ರಿ. ಆಗಲೇ ಗೊತ್ತಾಯ್ತು, ಮನೇಲಿ ಅಕ್ಕ ಇದ್ದಾರೆ ಅಂತ ಎಲ್ಲರಿಗೂ ಗೊತ್ತಲ್ಲ."

"ಗೊತ್ತಿದ್ದೂ ಯಾಕಮ್ಮ ನಂಬಿದೆ?"

"ಅಕ್ಕ ಹೇಳಿದ್ರೆ ತಂಗಿ ತೆಗೆದು ಹಾಕ್ತಾಳಾ? ನಾವು ಹತ್ತು ಸಲ ಬಂದು ನಿಲ್ಲೋದಕ್ಕಿಂತ ನೀವು ಊಟ ಹಾಕುವಾಗ ಒಂದು ಮಾತು ಹೇಳಿದ್ರೆ ಸಾಕಲ್ವಾ ಅಂದ್ಕೊಂಡೆ. ಅದಕ್ಕೇ ಅವತ್ತು ಎಲ್ಲರ ಎದುರು ನಾನು ಬಾಯಿ ಬಿಡಲಿಲ್ಲ. ಹೇಳಿರ್ತಾರೆ, ಮೇಡಮ್‌ಗೆ ಮರೆತುಹೋಗಿರಬೇಕು, ಅಂದ್ಕೊಂಡೆ." ಆಮೇಲೆ ಕೇಳಿದಳು, "ಹೇಳಿದ್ರಲ್ವಾ ಅಮ್ಮಾ?"

ನನ್ನನ್ನು ಮೇಡಮ್ ಅಂತ ನಂಬಿ ಅವಳು ಮೋಸಹೋದಳು ಅಂತಲೇ ನಾನು ಇಷ್ಟು ದಿನ ಕೊರಗಿದ್ದೆ. ಅವಳು ನಂಬಿದ್ದು ನನ್ನನ್ನು. ಏಳನೇ ಕ್ಲಾಸಿನವಳನ್ನು, ಅಡುಗೆಮನೆಯವಳನ್ನು, ನನ್ನನ್ನೇ. ನನ್ನ ಕೈಲಿ ಆಗುವಂಥದ್ದನ್ನೇ ನಂಬಿದ್ದಳು, ಅನ್ನ ಬಡಿಸುತ್ತಾ ಹೇಳುವ ಒಂದು ಮಾತು.

"ಇಲ್ಲಮ್ಮ," ಅಂದೆ. "ಹೇಳಲಿಲ್ಲ."

ನೂಕರತ್ನಂ ಬೈಯಲಿಲ್ಲ. "ಸರೇಲೇ ಅಮ್ಮಾ", ಸರಿ ಬಿಡಮ್ಮಾ, ಅಂತ ಮೆಲ್ಲಗೆ ಫೋನು ಇಟ್ಟಳು.

ಕೆಳಗಿಂದ ಕಾರು ಹಾರ್ನ್ ಮಾಡಿತು. ಗನ್‌ಮನ್ ಬಾಗಿಲಲ್ಲಿ ಇಣುಕಿ, "ಮೇಡಮ್, ಅಸೆಂಬ್ಲಿಗೆ ಹೊತ್ತಾಯ್ತು" ಅಂದ. ಕಾತಿ ಎದ್ದು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು.

"ಏನಂದ್ಳು ಅಕ್ಕಾ?"

ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿದೆ. "ಕೂತ್ಕೋ, ಹೇಳ್ತೀನಿ" ಅಂದೆ. ಅವಳು ನನ್ನ ಮುಖ ನೋಡಿದಳು. ಗನ್‌ಮನ್‌ಗೆ ಕೈಯಲ್ಲೇ ಸ್ವಲ್ಪ ಇರು ಅಂದು ಕೂತಳು. ನಾನು ಹೇಳುತ್ತಾ ಹೋದೆ. ಬಸ್ಸಿನಿಂದ ಶುರು ಮಾಡಲಿಲ್ಲ. ಒಬ್ಬಳು ಹುಡುಗಿ ಇದ್ದಾಳೆ, ಹೆಸರು ಲಾವಣ್ಯ, ಮೊದಲ ಸಂಬಳದಲ್ಲಿ ಅಮ್ಮನಿಗೆ ಚಪ್ಪಲಿ ತಂದವಳು, ನನ್ನಿಂದಾಗಿ ಈಗ ಮನೆಯಲ್ಲಿ ಕೂತಿದ್ದಾಳೆ, ಅಂತ ಅಲ್ಲಿಂದ ಶುರು ಮಾಡಿದೆ.